ಹಾಲಿನ ಕ್ಯಾನಿನಲ್ಲಿ ಉಳಿದ ಇತಿಹಾಸ: ಡಾ. ಇಮ್ಯಾನುಯೆಲ್ ರಿಂಗೆಲ್‌ಬ್ಲಂ



ಇತಿಹಾಸ ಎಂದರೆ ಇಸವಿಗಳನ್ನು ಬಾಯಿಪಾಠ ಮಾಡುವ ವಿಷಯ ಎಂದು ನಿಮ್ಮಲ್ಲಿ ಅನೇಕರು ತಿಳಿದಿದ್ದೀರಿ. ಪರೀಕ್ಷೆ ಮುಗಿದ ಮರುವಾರವೇ ಸಮಾಜ ವಿಜ್ಞಾನದ ನೋಟ್‌ಬುಕ್ಕುಗಳು ರದ್ದಿ ಅಂಗಡಿ ಸೇರುವುದನ್ನು ಶಿಕ್ಷಕರಾದ ನಾವು ಪ್ರತಿ ವರ್ಷ ನೋಡುತ್ತಲೇ ಇದ್ದೇವೆ. ಆದ್ದರಿಂದ ಈ ಸಂಚಿಕೆಯಲ್ಲಿ ನಿಮಗೆ ಒಬ್ಬ ಇತಿಹಾಸದ ಮೇಷ್ಟ್ರ ಪರಿಚಯ ಮಾಡಿಕೊಡಬೇಕೆಂದಿದ್ದೇನೆ. ಅವರು ರಾಜರಲ್ಲ, ಸೇನಾಪತಿಯೂ ಅಲ್ಲ. ಟ್ರಾಮ್ ಟಿಕೆಟು, ಮಿಠಾಯಿ ಸುತ್ತಿದ ಕಾಗದ, ಪಡಿತರ ಚೀಟಿ, ಮಕ್ಕಳು ಬರೆದ ಪ್ರಬಂಧ ಇಂಥವನ್ನೆಲ್ಲ ಕೂಡಿಡುವುದಕ್ಕಾಗಿ ತಮ್ಮ ಪ್ರಾಣವನ್ನು ಪಣಕ್ಕಿಟ್ಟವರು. ಅವರೇ ಪೋಲೆಂಡ್ ದೇಶದ ಯಹೂದಿ ಇತಿಹಾಸಕಾರ ಡಾ. ಇಮ್ಯಾನುಯೆಲ್ ರಿಂಗೆಲ್‌ಬ್ಲಂ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಿಟ್ಲರನ ನಾಜಿ ಆಡಳಿತವು ಯುರೋಪಿನ ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದಿತು ಎಂಬ ಸಾಲನ್ನು ನೀವು ಓದಿರುತ್ತೀರಿ. ಈ ಸಾಮೂಹಿಕ ಹತ್ಯೆಯನ್ನೇ ಹೋಲೋಕಾಸ್ಟ್ ಎನ್ನುತ್ತಾರೆ. ಆದರೆ ಆ ಒಂದು ಸಾಲು ಪುಸ್ತಕಕ್ಕೆ ಹೇಗೆ ಬಂತು? ಕೊಂದವರು ಕಾಗದಗಳನ್ನು ಸುಟ್ಟರು, ಶವಗಳನ್ನೂ ಸುಟ್ಟರು, ಸಾಕ್ಷಿ ಹೇಳಬಲ್ಲವರನ್ನು ಹುಡುಕಿ ಹುಡುಕಿ ಕೊಂದರು. ಆದರೂ ನಮಗೆ ಸಂಗತಿ ತಿಳಿದಿದೆ. ತಿಳಿಯುವಂತೆ ಮಾಡಿದವರಲ್ಲಿ ರಿಂಗೆಲ್‌ಬ್ಲಂ ಅವರ ಹೆಸರು ಮುಂಚೂಣಿಯಲ್ಲಿದೆ.

ರಿಂಗೆಲ್‌ಬ್ಲಂ ಅವರು 1900ರ ನವೆಂಬರ್ 21ರಂದು ಬುಚಾಚ್ ಎಂಬ ಪಟ್ಟಣದಲ್ಲಿ ಜನಿಸಿದರು. ಆಗ ಅದು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯಕ್ಕೆ ಸೇರಿತ್ತು, ಇಂದು ಉಕ್ರೇನ್ ದೇಶದಲ್ಲಿದೆ. ಚಿಕ್ಕ ವಯಸ್ಸಿನಲ್ಲೇ ತಾಯಿಯನ್ನು ಕಳೆದುಕೊಂಡರು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಕುಟುಂಬವು ಊರು ಬಿಟ್ಟು ಬೇರೆ ಕಡೆ ನೆಲೆಸಬೇಕಾಯಿತು. ಮುಂದೆ ವಾರ್ಸಾ ವಿಶ್ವವಿದ್ಯಾನಿಲಯ ಸೇರಿ ಇತಿಹಾಸವನ್ನು ಅಭ್ಯಾಸ ಮಾಡಿ, ಮಧ್ಯಯುಗದ ವಾರ್ಸಾ ನಗರದ ಯಹೂದಿಗಳ ಬಗ್ಗೆ ಸಂಶೋಧನೆ ನಡೆಸಿ 1927ರಲ್ಲಿ ಡಾಕ್ಟರೇಟ್ ಪದವಿ ಪಡೆದರು. ಇಷ್ಟಾದರೂ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಲಿಲ್ಲ. ಯಹೂದಿ ಹೆಣ್ಣುಮಕ್ಕಳ ಒಂದು ಪ್ರೌಢಶಾಲೆಯಲ್ಲಿ ಇತಿಹಾಸ ಬೋಧಿಸುತ್ತ ಜೀವನ ಸಾಗಿಸಿದರು. ಪತ್ನಿ ಯೆಹೂದಿತ್, 1930ರಲ್ಲಿ ಹುಟ್ಟಿದ ಮಗ ಊರಿ. ಇದು ಅವರ ಪುಟ್ಟ ಸಂಸಾರ.

ಆ ಕಾಲದ ಪೋಲೆಂಡಿನಲ್ಲಿ ಸುಮಾರು 33 ಲಕ್ಷ ಯಹೂದಿಗಳಿದ್ದರು. ಹಿಟ್ಲರ್ ಬರುವ ಮೊದಲೇ ಅಲ್ಲಿ ಯಹೂದಿ ದ್ವೇಷ ಬೇರೂರಿತ್ತು ಎಂಬುದನ್ನು ನಾವು ಗಮನಿಸಬೇಕು. 1930ರ ದಶಕದ ಕೊನೆಯ ವರ್ಷಗಳಲ್ಲಿ ಪೋಲೆಂಡಿನ ವಿಶ್ವವಿದ್ಯಾನಿಲಯಗಳ ತರಗತಿಗಳಲ್ಲಿ ಯಹೂದಿ ವಿದ್ಯಾರ್ಥಿಗಳಿಗೆಂದೇ ಪ್ರತ್ಯೇಕ ಬೆಂಚುಗಳನ್ನು ಗೊತ್ತುಮಾಡಿದರು. ಅನೇಕ ವಿದ್ಯಾರ್ಥಿಗಳು ಆ ಬೆಂಚಿನ ಮೇಲೆ ಕೂರುವ ಬದಲು ತರಗತಿಯ ಹಿಂದೆ ಗಂಟೆಗಟ್ಟಲೆ ನಿಂತು ಪಾಠ ಕೇಳಿದರು. ಕೆಲವು ಪ್ರಾಧ್ಯಾಪಕರು ಅವರ ಜೊತೆ ತಾವೂ ನಿಂತರು, ಹೆಚ್ಚಿನವರು ಸುಮ್ಮನಿದ್ದರು. ದ್ವೇಷವು ವಿಷಾನಿಲದ ಕೋಣೆಯಿಂದ ಶುರುವಾಗುವುದಿಲ್ಲ, ಇಂತಹ ಬೆಂಚಿನಿಂದ ಶುರುವಾಗುತ್ತದೆ ಎಂದು ನನಗನಿಸುತ್ತದೆ.

1938ರ ಅಕ್ಟೋಬರ್ ಕೊನೆಯಲ್ಲಿ ಜರ್ಮನಿಯು ತನ್ನಲ್ಲಿ ನೆಲೆಸಿದ್ದ ಪೋಲೆಂಡ್ ಮೂಲದ ಸುಮಾರು 17,000 ಯಹೂದಿಗಳನ್ನು ರಾತ್ರೋರಾತ್ರಿ ಗಡಿಯಾಚೆ ಅಟ್ಟಿತು. ಪೋಲೆಂಡ್ ಅವರನ್ನು ಒಳಗೆ ಬಿಟ್ಟುಕೊಳ್ಳಲು ಒಪ್ಪದಿದ್ದುದರಿಂದ ಸಾವಿರಾರು ಜನ ಝ್ಬಾಂಶಿನ್ ಎಂಬ ಗಡಿ ಊರಿನಲ್ಲಿ, ಕುದುರೆ ಲಾಯಗಳಲ್ಲಿ, ಚಳಿಯಲ್ಲಿ ಸಿಕ್ಕಿಕೊಂಡರು. ಪರಿಹಾರ ಸಂಸ್ಥೆಯೊಂದರ ಪರವಾಗಿ ರಿಂಗೆಲ್‌ಬ್ಲಂ ಅಲ್ಲಿಗೆ ಹೋಗಿ ಐದು ವಾರ ಇದ್ದು ಊಟ, ಔಷಧಿ, ಬಟ್ಟೆಗಳ ವ್ಯವಸ್ಥೆ ಮಾಡಿದರು. ಹಗಲು ಅನ್ನ ಹಂಚಿದವರು ರಾತ್ರಿ ಆ ನಿರಾಶ್ರಿತರ ಕಥೆಗಳನ್ನು ಬರೆದುಕೊಂಡರು. ಮುಂದಿನ ಅವರ ಬದುಕೆಲ್ಲ ಈ ಎರಡು ಕೆಲಸಗಳೇ ಆಗಿಹೋದವು.

1939ರ ಆಗಸ್ಟಿನಲ್ಲಿ ಅವರು ಒಂದು ಸಮ್ಮೇಳನಕ್ಕಾಗಿ ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿದ್ದರು. ಯುದ್ಧ ಹೊಸ್ತಿಲಿಗೆ ಬಂದಿತ್ತು. ಹಿಂದಿರುಗಬೇಡಿ ಎಂದು ಸ್ನೇಹಿತರು ತಡೆದರು. ಹೆಂಡತಿ, ಮಗ, ತಮ್ಮ ಜನರೆಲ್ಲ ಅಲ್ಲಿರುವಾಗ ತಾವೊಬ್ಬರು ಉಳಿಯುವುದು ಅವರಿಗೆ ಸರಿಯೆನಿಸಲಿಲ್ಲ. ಸುತ್ತು ದಾರಿಯಲ್ಲಿ ವಾರ್ಸಾ ತಲುಪಿದರು. ಸೆಪ್ಟೆಂಬರ್ 1ರಂದು ಜರ್ಮನಿ ಪೋಲೆಂಡಿನ ಮೇಲೆ ದಾಳಿ ಮಾಡಿತು, ತಿಂಗಳೊಳಗೆ ವಾರ್ಸಾ ಶರಣಾಯಿತು.

1940ರ ನವೆಂಬರ್ 16ರಂದು ವಾರ್ಸಾದ ಯಹೂದಿಗಳನ್ನೆಲ್ಲ ನಗರದ ಒಂದು ಭಾಗಕ್ಕೆ ತುಂಬಿ, ಸುತ್ತ ಎತ್ತರದ ಗೋಡೆ ಕಟ್ಟಿ ದ್ವಾರಗಳನ್ನು ಮುಚ್ಚಿದರು. ಇದೇ ವಾರ್ಸಾ ಘೆಟ್ಟೋ. ಸುಮಾರು 3.4 ಚದರ ಕಿಲೋಮೀಟರ್ ಜಾಗದಲ್ಲಿ 4 ಲಕ್ಷಕ್ಕೂ ಹೆಚ್ಚು ಜನ! ನಗರದ ಜನಸಂಖ್ಯೆಯ ಶೇ. 30ರಷ್ಟು ಮಂದಿಗೆ ನಗರದ ಶೇ. 2.4ರಷ್ಟು ಜಾಗ. ಸುತ್ತಮುತ್ತಲಿನ ಊರುಗಳಿಂದಲೂ ಯಹೂದಿಗಳನ್ನು ತಂದು ಇಲ್ಲಿಗೇ ತುಂಬಿದರು. ಪಡಿತರದಲ್ಲಿ ಕೊಡುತ್ತಿದ್ದ ಆಹಾರ ಜೀವ ಹಿಡಿದಿಡಲು ಸಾಲುತ್ತಿರಲಿಲ್ಲ. ಹಸಿವು ಮತ್ತು ಟೈಫಸ್ ಜ್ವರದಿಂದ 1942ರ ಮಧ್ಯಭಾಗದ ಹೊತ್ತಿಗೆ ಸುಮಾರು 83,000 ಜನ ಸತ್ತರು. ಗೋಡೆಯ ಬಿರುಕುಗಳಲ್ಲಿ ನುಸುಳಿ ಹೊರಗಿನಿಂದ ಆಲೂಗೆಡ್ಡೆ, ಬ್ರೆಡ್ಡು ತರುತ್ತಿದ್ದವರಲ್ಲಿ ಬಹಳ ಮಂದಿ ನಿಮ್ಮ ತಮ್ಮ ತಂಗಿಯರ ವಯಸ್ಸಿನ ಮಕ್ಕಳು.

ಘೆಟ್ಟೋದೊಳಗೆ ರಿಂಗೆಲ್‌ಬ್ಲಂ ಅವರು ಪರಸ್ಪರ ಸಹಾಯ ಸಂಘದ ಮುಖಂಡರಲ್ಲಿ ಒಬ್ಬರಾಗಿ ಗಂಜಿ ಕೇಂದ್ರಗಳನ್ನೂ, ಪ್ರತಿ ವಠಾರಕ್ಕೆ ಒಂದರಂತೆ ಸಮಿತಿಗಳನ್ನೂ ಸಂಘಟಿಸಿದರು. ಶಾಲೆಗಳಿಗೆ ನಿಷೇಧವಿದ್ದುದರಿಂದ ಮಕ್ಕಳ ಊಟದ ಕೇಂದ್ರ ಎಂಬ ಹೆಸರಿನಲ್ಲಿ ಗುಟ್ಟಾಗಿ ಪಾಠಗಳು ನಡೆದವು. ಈ ಕೆಲಸದ ನಡುವೆ ಒಂದು ಪ್ರಶ್ನೆ ಅವರನ್ನು ಬಿಡದೆ ಕಾಡಿತು. ಇರುವ ಸ್ವಲ್ಪ ಗಂಜಿಯನ್ನು ಎಲ್ಲರಿಗೂ ಒಂದೊಂದು ಸೌಟು ಹಂಚಿದರೆ ಯಾರೂ ಉಳಿಯುವುದಿಲ್ಲ. ಕೆಲವರಿಗೇ ಹೊಟ್ಟೆ ತುಂಬ ಕೊಟ್ಟರೆ ಅವರಾದರೂ ಉಳಿಯಬಹುದು, ಆದರೆ ಆ ಕೆಲವರು ಯಾರು, ಆರಿಸುವವರು ಯಾರು? ಅವರು ತಮ್ಮ ಟಿಪ್ಪಣಿಯಲ್ಲಿ ಈ ಪ್ರಶ್ನೆಯನ್ನು ಬರೆದಿಟ್ಟರು. ಉತ್ತರ ಬರೆಯಲಿಲ್ಲ.

ಈಗ ಅವರ ಮುಖ್ಯ ಕೆಲಸಕ್ಕೆ ಬರೋಣ. ಯುದ್ಧ ಆರಂಭವಾದ ಕೆಲವೇ ವಾರಗಳಲ್ಲಿ ಅವರು ದಿನದ ಘಟನೆಗಳನ್ನು ಬರೆದಿಡಲು ತೊಡಗಿದ್ದರು. ಇಷ್ಟು ದೊಡ್ಡ ದುರಂತವನ್ನು ಒಬ್ಬನ ಕಣ್ಣಿನಿಂದ ನೋಡಿ ಬರೆಯಲಾಗದು ಎಂಬುದು ಅವರಿಗೆ ಬೇಗ ಅರಿವಾಯಿತು. ಘೆಟ್ಟೋ ಮುಚ್ಚಿದ ಒಂದು ವಾರದೊಳಗೆ, ನವೆಂಬರ್ 22ರಂದು, ನಂಬಿಕಸ್ಥ ಗೆಳೆಯರನ್ನು ತಮ್ಮ ಮನೆಗೆ ಕರೆದು ಗುಪ್ತ ಸಂಘವೊಂದನ್ನು ಕಟ್ಟಿದರು. ಶನಿವಾರದ ಸಬ್ಬತ್ ದಿನ ಸೇರುತ್ತಿದ್ದುದರಿಂದ ಅದಕ್ಕೆ ಓಯ್ನೆಗ್ ಶಾಬೆಸ್, ಅಂದರೆ ಸಬ್ಬತ್ತಿನ ಆನಂದ ಎಂಬ ಹೆಸರು ಬಂತು. ಹೊರಗಿನವರ ಕಿವಿಗೆ ಬಿದ್ದರೆ ಯಾವುದೋ ಭಜನೆಯ ಗುಂಪು ಎನಿಸಬೇಕು! ಸುಮಾರು 60 ಜನ ಇದರಲ್ಲಿದ್ದರು: ಮೇಷ್ಟ್ರುಗಳು, ರಬ್ಬಿಗಳು, ಪತ್ರಕರ್ತರು, ಅರ್ಥಶಾಸ್ತ್ರಜ್ಞರು, ಒಬ್ಬ ಅಂಚೆಯವನು, ಗಂಜಿ ಕೇಂದ್ರ ನಡೆಸುತ್ತಿದ್ದ ಲೇಖಕಿ ರಾಖೆಲ್ ಆವರ್‌ಬಾಖ್. ಧರ್ಮನಿಷ್ಠರೂ ಇದ್ದರು, ಧರ್ಮವನ್ನು ನಂಬದ ಎಡಪಂಥೀಯರೂ ಇದ್ದರು. ಕಾರ್ಯದರ್ಶಿ ಹೆರ್ಶ್ ವಾಸ್ಸರ್.

ಅವರು ಏನನ್ನು ಸಂಗ್ರಹಿಸಿದರು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಇದರಲ್ಲೇ ರಿಂಗೆಲ್‌ಬ್ಲಂ ಅವರ ಹಿರಿಮೆಯಿದೆ. ಜರ್ಮನ್ ಆಜ್ಞೆಗಳ ಭಿತ್ತಿಪತ್ರ, ಗುಪ್ತ ಪತ್ರಿಕೆ, ಪತ್ರಗಳು ಸರಿಯೇ ಸರಿ. ಅವುಗಳ ಜೊತೆಗೆ ಬ್ರೆಡ್ಡಿನ ದರದ ಪಟ್ಟಿ, ಗೋಷ್ಠಿಯ ಆಮಂತ್ರಣ, ಔಷಧಿ ಚೀಟಿ, ಬೀದಿಯಲ್ಲಿ ಹಾಡುತ್ತಿದ್ದ ಭಿಕ್ಷುಕರ ಹಾಡು, ಜನ ಹೇಳಿಕೊಳ್ಳುತ್ತಿದ್ದ ನಗೆಹನಿ, ವದಂತಿ. ಒಂದೇ ಮನೆಯಲ್ಲಿ ಹಲವು ಕುಟುಂಬಗಳಿದ್ದುದರಿಂದ ಯಾರಿಗೆ ಎಷ್ಟು ಸಲ ಗಂಟೆ ಬಾರಿಸಬೇಕು ಎಂದು ಬಾಗಿಲಿಗೆ ಅಂಟಿಸಿದ ಚೀಟಿಯೂ ಸಂಗ್ರಹದಲ್ಲಿದೆ. ಊರೂರುಗಳಿಂದ ಬಂದ ನಿರಾಶ್ರಿತರನ್ನು ಪ್ರಶ್ನಾವಳಿ ಹಿಡಿದು ಮಾತಾಡಿಸಿದರು. ಮಹಿಳೆಯರ, ಮಕ್ಕಳ, ಯುವಕರ ಬದುಕಿನ ಬಗ್ಗೆ ಪ್ರತ್ಯೇಕ ಅಧ್ಯಯನ ನಡೆಸಿದರು. ಸಾಧ್ಯವಾದಷ್ಟೂ ಪ್ರತಿ ಬರಹಕ್ಕೆ ಎರಡು ಮೂರು ಪ್ರತಿ ತೆಗೆದಿಟ್ಟರು.

ಬರೆಯುವವರಿಗೆ ಅವರ ಷರತ್ತು ಎರಡೇ. ಒಂದು, ಕಂಡದ್ದನ್ನು ಕೂಡಲೇ ಬರೆಯಬೇಕು. ಘೆಟ್ಟೋದಲ್ಲಿ ಪರಿಸ್ಥಿತಿ ಎಷ್ಟು ಬೇಗ ಹದಗೆಡುತ್ತಿತ್ತೆಂದರೆ, ಹೋದ ತಿಂಗಳು ನರಕವೆನಿಸಿದ್ದು ಈ ತಿಂಗಳು ಒಳ್ಳೆಯ ಕಾಲವೆನಿಸುತ್ತಿತ್ತು. ತಡಮಾಡಿದರೆ ನೆನಪು ಕೆಡುತ್ತದೆ. ಎರಡು, ನಮ್ಮವರು ಎಂದು ಮುಚ್ಚಿಡಬಾರದು. ಯಹೂದಿ ಪೊಲೀಸರು ತಮ್ಮವರ ಮೇಲೇ ನಡೆಸಿದ ದೌರ್ಜನ್ಯ, ಹಣವಂತರ ಕಲ್ಲು ಹೃದಯ, ಸಮುದಾಯದ ಆಡಳಿತ ಮಂಡಳಿಯ ಲಂಚಗುಳಿತನ ಎಲ್ಲವೂ ಆ ಕಡತಗಳಲ್ಲಿವೆ. ಪೋಲಿಷ್ ನೆರೆಯವರ ವಿಷಯದಲ್ಲೂ ಹಾಗೆಯೇ. ಹಣಕ್ಕಾಗಿ ಹಿಡಿದುಕೊಟ್ಟವರ ಬಗ್ಗೆಯೂ ಬರೆದರು, ಪ್ರಾಣಕ್ಕೆ ಹೆದರದೆ ರಕ್ಷಿಸಿದವರ ಬಗ್ಗೆಯೂ ಬರೆದರು. ತಾವು ಬಲಿಪಶುಗಳಾಗಿರುವಾಗ ಹೀಗೆ ತೂಗಿ ಬರೆಯುವುದು ಎಷ್ಟು ಜನರಿಂದ ಸಾಧ್ಯ, ನೀವೇ ಯೋಚಿಸಿ.

1942ರ ಆರಂಭದಲ್ಲಿ ಸಂಘದ ಕೆಲಸಕ್ಕೆ ಬೇರೆಯೇ ತುರ್ತು ಬಂತು. ಖೆಲ್ಮ್ನೊ ಎಂಬ ಹಳ್ಳಿಯಲ್ಲಿ ನಾಜಿಗಳು 1941ರ ಡಿಸೆಂಬರಿನಿಂದ ಮುಚ್ಚಿದ ಲಾರಿಗಳೊಳಗೆ ಜನರನ್ನು ತುಂಬಿ ಹೊಗೆಯಿಂದ ಕೊಲ್ಲುತ್ತಿದ್ದರು. ಅಲ್ಲಿ ಹೆಣ ಹೂಳಲು ಹಚ್ಚಿದ್ದ ಶ್ಲಾಮೆಕ್ ಎಂಬ ಯುವಕ ತಪ್ಪಿಸಿಕೊಂಡು ವಾರ್ಸಾಕ್ಕೆ ಬಂದ. ಹೆರ್ಶ್ ವಾಸ್ಸರ್ ಮತ್ತು ಅವರ ಪತ್ನಿ ಬ್ಲೂಮಾ ಅವನ ಹೇಳಿಕೆಯನ್ನು ಪದ ಬಿಡದೆ ಬರೆದುಕೊಂಡರು. ಪೋಲಿಷ್ ಭೂಗತ ಚಳವಳಿಯ ಮೂಲಕ ಸುದ್ದಿ ಲಂಡನ್ನಿಗೆ ಹೋಯಿತು. ಜೂನ್ 26ರಂದು ಬಿ.ಬಿ.ಸಿ. ರೇಡಿಯೊ ಪೋಲೆಂಡಿನ ಯಹೂದಿಗಳ ಹತ್ಯೆಯ ಬಗ್ಗೆ ಪ್ರಸಾರ ಮಾಡಿದಾಗ ರಿಂಗೆಲ್‌ಬ್ಲಂ ಅವರಿಗೆ ತಮ್ಮ ಸಂಘದ ಶ್ರಮ ಸಾರ್ಥಕವಾಯಿತೆಂಬ ಸಂತೋಷವಾಯಿತು. ಜಗತ್ತಿಗೆ ಗೊತ್ತಾದರೆ ಜಗತ್ತು ಸುಮ್ಮನಿರದು ಎಂದು ಅವರು ನಂಬಿದ್ದರು. ಜಗತ್ತಿಗೆ ಗೊತ್ತಾಯಿತು. ಶ್ಲಾಮೆಕ್ ಅಷ್ಟರಲ್ಲಾಗಲೇ ಇನ್ನೊಂದು ಸಾವಿನ ಶಿಬಿರದ ಪಾಲಾಗಿದ್ದ. ಒಂದು ತಿಂಗಳು ಕಳೆಯುವಷ್ಟರಲ್ಲಿ, ಜುಲೈ 22ರಂದು, ವಾರ್ಸಾದಿಂದಲೇ ಜನರನ್ನು ಟ್ರೆಬ್ಲಿಂಕಾ ಸಾವಿನ ಶಿಬಿರಕ್ಕೆ ರೈಲುಗಳಲ್ಲಿ ಸಾಗಿಸಲು ಆರಂಭಿಸಿದರು. ಸೆಪ್ಟೆಂಬರ್ ಹೊತ್ತಿಗೆ ಸುಮಾರು 2,65,000 ಜನ ಹೀಗೆ ಹೋದರು.

ಇಲ್ಲಿ ನಮ್ಮ ದೇಶಕ್ಕೆ ಸಂಬಂಧಿಸಿದ ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಘೆಟ್ಟೋದಲ್ಲಿ ಯಾನುಶ್ ಕೊರ್ಚಾಕ್ ಎಂಬ ವೈದ್ಯರು ಅನಾಥಾಲಯ ನಡೆಸುತ್ತಿದ್ದರು. ಜುಲೈ 18ರಂದು, ಸಾಗಾಟಕ್ಕೆ ನಾಲ್ಕೇ ದಿನ ಮೊದಲು, ಆ ಮಕ್ಕಳು ರವೀಂದ್ರನಾಥ ಟಾಗೋರರ ಡಾಕ್ ಘರ್, ಅಂದರೆ ಅಂಚೆ ಮನೆ ನಾಟಕವನ್ನು ಆಡಿದರು. ಮನೆಯಿಂದ ಹೊರಗೆ ಹೋಗಲಾಗದ ಕಾಯಿಲೆಯ ಹುಡುಗನೊಬ್ಬ ಕಿಟಕಿಯ ಬಳಿ ಕುಳಿತು ಪತ್ರಕ್ಕಾಗಿ ಕಾಯುವ ಕಥೆ ಅದು. ಆಗಸ್ಟ್ ಮೊದಲ ವಾರದಲ್ಲಿ ಸುಮಾರು 200 ಮಕ್ಕಳ ಜೊತೆ ಕೊರ್ಚಾಕ್ ಅವರೂ ರೈಲು ಹತ್ತಿದರು.

ಇನ್ನು ತಡಮಾಡುವಂತಿರಲಿಲ್ಲ. ಸಂಗ್ರಹವನ್ನು ಅಡಗಿಸುವ ಹೊಣೆ ಇಸ್ರೇಲ್ ಲಿಖ್ಟನ್‌ಸ್ಟೈನ್ ಎಂಬ ಶಿಕ್ಷಕರದು. ಅವರ ಜೊತೆಗೆ ಅವರ ಹಳೆಯ ವಿದ್ಯಾರ್ಥಿಗಳು ಇಬ್ಬರು, 19 ವರ್ಷದ ಡೇವಿಡ್ ಗ್ರಾಬರ್, 18 ವರ್ಷದ ನಾಹುಮ್ ಗ್ಜಿವಾಚ್. 1942ರ ಆಗಸ್ಟ್ 3ರಂದು ನೊವೊಲಿಪ್ಕಿ ಬೀದಿಯ 68ನೇ ನಂಬರಿನ ಕಟ್ಟಡದ ಕೆಳಗೆ ಹತ್ತು ತಗಡಿನ ಪೆಟ್ಟಿಗೆಗಳನ್ನು ಹೂತರು. ಅದು ಒಂದು ಶಾಲೆ! ಹೂಳುವ ಮುನ್ನ ಮೂವರೂ ಒಂದೊಂದು ಹಾಳೆ ಬರೆದು ಒಳಗಿಟ್ಟರು. ಮೇಷ್ಟ್ರು ತಮಗೆ ಹೊಗಳಿಕೆ ಬೇಡವೆಂದೂ, ಚಿತ್ರಕಲಾವಿದೆಯಾದ ಪತ್ನಿ ಗೇಲಾ ಹಾಗೂ 20 ತಿಂಗಳ ಮಗಳು ಮಾರ್ಗಲಿತ್ ಇದ್ದರೆಂಬುದನ್ನು ಲೋಕ ನೆನೆಯಲಿ ಎಂದೂ ಬರೆದರು. ಈ ನಿಧಿಯನ್ನು ಅಗೆದು ತೆಗೆಯುವ ದಿನ ತಾನಿದ್ದು ನೋಡಬೇಕೆಂಬ ಆಸೆಯನ್ನು ಗ್ರಾಬರ್ ಬರೆದ. ತನ್ನ ತಂದೆತಾಯಿ ಇರುವ ಮನೆಯನ್ನು ಸುತ್ತುವರಿದಿದ್ದಾರಂತೆ, ಓಡಿ ಹೋಗಿ ನೋಡುತ್ತೇನೆ ಎಂದು ಗ್ಜಿವಾಚ್ ಬರೆದ. ಈ ಮೂವರಲ್ಲಿ ಯಾರೂ ಯುದ್ಧದ ಕೊನೆ ಕಾಣಲಿಲ್ಲ. ಗೇಲಾ ಮತ್ತು ಆ ಮಗು ಕೂಡ.

ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ಕನ್ನಡ ಪತ್ರಿಕೆಯಲ್ಲಿ ಅಮಾನತು ಎಂದರೆ ಯಾರನ್ನೋ ಕೆಲಸದಿಂದ ತಾತ್ಕಾಲಿಕವಾಗಿ ತೆಗೆದಿಟ್ಟರು ಎಂದರ್ಥ. ಎರಡೂ ಭಾಷೆ ಕಲಿಸುವ ನಾನು ತರಗತಿಯಲ್ಲಿ ಈ ಪದ ಬಂದಾಗಲೆಲ್ಲ ನಗುತ್ತೇನೆ. ಆ ಹತ್ತು ಪೆಟ್ಟಿಗೆಗಳಿಗೆ ಮಾತ್ರ ಉರ್ದುವಿನ ಅರ್ಥವೇ ಸರಿ.

1943ರ ಫೆಬ್ರವರಿಯಲ್ಲಿ ಎರಡು ದೊಡ್ಡ ಹಾಲಿನ ಕ್ಯಾನುಗಳಲ್ಲಿ ಎರಡನೆಯ ಭಾಗವನ್ನು ಅದೇ ಶಾಲೆಯ ಕೆಳಗೆ ಹೂತರು. ಏಪ್ರಿಲ್‌ನಲ್ಲಿ ಮೂರನೆಯ ಭಾಗವನ್ನು ಬೇರೊಂದು ಬೀದಿಯಲ್ಲಿ ಅಡಗಿಸಿದರು. ರಿಂಗೆಲ್‌ಬ್ಲಂ ಕುಟುಂಬವು ಮಾರ್ಚ್‌ನಲ್ಲೇ ಘೆಟ್ಟೋ ಬಿಟ್ಟು, ಮಿಯೆಚಿಸ್ಲಾವ್ ವೊಲ್ಸ್ಕಿ ಎಂಬ ಪೋಲಿಷ್ ತೋಟಗಾರರ ಗಾಜಿನ ಮನೆಯ ನೆಲದಡಿಯಲ್ಲಿ ತೋಡಿದ್ದ ಗುಂಡಿಯಲ್ಲಿ ಅಡಗಿತ್ತು. ಸುಮಾರು 40 ಜನ ಅಲ್ಲಿದ್ದರು. ಯಹೂದಿಗಳಿಗೆ ಆಶ್ರಯ ಕೊಟ್ಟವರಿಗೆ ಮರಣದಂಡನೆ ಎಂದು ತಿಳಿದೂ ವೊಲ್ಸ್ಕಿ ಆಶ್ರಯ ಕೊಟ್ಟಿದ್ದರು. ಏಪ್ರಿಲ್‌ನಲ್ಲಿ ರಿಂಗೆಲ್‌ಬ್ಲಂ ಮತ್ತೆ ಘೆಟ್ಟೋದೊಳಗೆ ಹೋದರು. 19ರಂದು ಯಹೂದಿ ಯುವಕರ ದಂಗೆ ಸಿಡಿಯಿತು, ಇವರು ಸೆರೆಯಾಗಿ ತ್ರಾವ್ನಿಕಿ ಶಿಬಿರ ಸೇರಿದರು. ಒಬ್ಬ ಪೋಲಿಷ್ ರೈಲ್ವೆ ನೌಕರ ಮತ್ತು ಒಬ್ಬ ಯಹೂದಿ ಯುವತಿ ಸೇರಿ ಅವರನ್ನು ಅಲ್ಲಿಂದ ಪಾರು ಮಾಡಿ ಕರೆತಂದರು. ಮತ್ತೆ ಅದೇ ಗುಂಡಿ. ಆ ಇಕ್ಕಟ್ಟಿನಲ್ಲಿ, ಪುಸ್ತಕಗಳಿಲ್ಲದೆ, ಅವರು ಯುದ್ಧಕಾಲದ ಪೋಲಿಷರು ಹಾಗೂ ಯಹೂದಿಗಳ ಸಂಬಂಧದ ಬಗ್ಗೆ ಒಂದು ದೀರ್ಘ ಗ್ರಂಥವನ್ನೂ, ಕೊಲೆಯಾದ ತಮ್ಮ ಗೆಳೆಯರ ಜೀವನ ಚಿತ್ರಗಳನ್ನೂ ಬರೆದರು.

1944ರ ಮಾರ್ಚ್ 7ರಂದು ಗೆಸ್ಟಾಪೊ ಆ ಅಡಗುತಾಣವನ್ನು ಪತ್ತೆ ಹಚ್ಚಿತು. ಎಲ್ಲರನ್ನೂ ಪಾವಿಯಾಕ್ ಜೈಲಿಗೆ ಒಯ್ದರು. ಜೈಲಿನೊಳಗೆ ಕೆಲಸಕ್ಕೆ ಹಚ್ಚಿದ್ದ ಯಹೂದಿ ಕೈದಿಗಳು ಇವರನ್ನು ತಮ್ಮ ಗುಂಪಿಗೆ ಸೇರಿಸಿಕೊಂಡು ಉಳಿಸಲು ಯತ್ನಿಸಿದರು. ಬದುಕುಳಿದ ಕೈದಿಯೊಬ್ಬರು ಮುಂದೆ ತಿಳಿಸಿರುವಂತೆ, ರಿಂಗೆಲ್‌ಬ್ಲಂ ತಮ್ಮ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ಹೆಂಡತಿ ಮಗನ ಗತಿಯೇನು ಎಂದು ಕೇಳಿದರು. ಅವರಿಗೆ ದಾರಿಯಿಲ್ಲವೆಂದು ತಿಳಿದ ಮೇಲೆ ತಮಗೂ ಬೇಡವೆಂದರು. ಕೆಲವೇ ದಿನಗಳಲ್ಲಿ ಘೆಟ್ಟೋದ ಪಾಳುಗಳ ನಡುವೆ ಎಲ್ಲರನ್ನೂ ಗುಂಡಿಕ್ಕಿ ಕೊಂದರು. ತೋಟಗಾರ ವೊಲ್ಸ್ಕಿಯವರನ್ನೂ ಕೊಂದರು. ರಿಂಗೆಲ್‌ಬ್ಲಂ ಅವರಿಗೆ ಆಗ 43 ವರ್ಷ.

ಯುದ್ಧ ಮುಗಿದಾಗ ಆ 60 ಜನರಲ್ಲಿ ಉಳಿದವರು ಮೂವರು: ಹೆರ್ಶ್, ಬ್ಲೂಮಾ, ರಾಖೆಲ್. ನೊವೊಲಿಪ್ಕಿ ಬೀದಿ ಎಲ್ಲಿತ್ತೆಂದೇ ತಿಳಿಯದಷ್ಟು ಇಟ್ಟಿಗೆಯ ರಾಶಿ. ಉಳಿದು ನಿಂತಿದ್ದ ಒಂದು ಚರ್ಚಿನ ಗೋಪುರವೇ ಗುರುತು. ಹುಡುಕಲೇಬೇಕೆಂದು ರಾಖೆಲ್ ಹಟ ಹಿಡಿದರು. 1946ರ ಸೆಪ್ಟೆಂಬರ್ 18ರಂದು ಹತ್ತು ಪೆಟ್ಟಿಗೆಗಳು ಸಿಕ್ಕವು. ಒಳಗೆ ನೀರು ನುಗ್ಗಿ ಕಾಗದಗಳು ಒಂದಕ್ಕೊಂದು ಅಂಟಿಕೊಂಡು ಬೂಷ್ಟು ಹಿಡಿದಿದ್ದವು. ತಜ್ಞರು ಹಾಳೆ ಹಾಳೆ ಬಿಡಿಸಿ ಒಣಗಿಸಿದರು. 1950ರ ಡಿಸೆಂಬರ್ 1ರಂದು ಕಟ್ಟಡ ಕಾರ್ಮಿಕರ ಗುದ್ದಲಿಗೆ ಹಾಲಿನ ಕ್ಯಾನುಗಳು ಸಿಕ್ಕವು, ಅವುಗಳೊಳಗಿನದು ಹೆಚ್ಚು ಸುಸ್ಥಿತಿಯಲ್ಲಿತ್ತು. ಒಟ್ಟು ಸುಮಾರು 35,000 ಪುಟಗಳು ವಾರ್ಸಾದ ಯಹೂದಿ ಇತಿಹಾಸ ಸಂಸ್ಥೆಯಲ್ಲಿವೆ. ಆ ಸಂಸ್ಥೆಗೆ 2009ರಲ್ಲಿ ರಿಂಗೆಲ್‌ಬ್ಲಂ ಅವರ ಹೆಸರನ್ನೇ ಇಡಲಾಯಿತು. ಯುನೆಸ್ಕೋ 1999ರಲ್ಲಿ ಈ ಸಂಗ್ರಹವನ್ನು ಜಗತ್ತಿನ ಸ್ಮೃತಿ ಪಟ್ಟಿಗೆ ಸೇರಿಸಿತು. ರಾಖೆಲ್ ಅವರು ಇಸ್ರೇಲಿಗೆ ಹೋಗಿ ಬದುಕುಳಿದವರ ಹೇಳಿಕೆ ದಾಖಲಿಸುವ ಕೆಲಸದಲ್ಲೇ ಆಯುಷ್ಯ ಕಳೆದರು.

ಇಷ್ಟು ಸಾಕ್ಷ್ಯವಿದ್ದೂ ಹೋಲೋಕಾಸ್ಟ್ ನಡೆದೇ ಇಲ್ಲವೆನ್ನುವವರಿದ್ದಾರೆ. ಇಂಗ್ಲೆಂಡಿನಲ್ಲಿ ಡೇವಿಡ್ ಇರ್ವಿಂಗ್ ಎಂಬ ಲೇಖಕ, ತನ್ನನ್ನು ಸುಳ್ಳುಗಾರನೆಂದ ಇತಿಹಾಸಕಾರ್ತಿ ಡೆಬೊರಾ ಲಿಪ್‌ಸ್ಟಾಟ್ ಅವರ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿ 2000ದಲ್ಲಿ ಸೋತ. 2005ರಲ್ಲಿ ವಿಶ್ವಸಂಸ್ಥೆಯು ಜನವರಿ 27ನ್ನು ಹೋಲೋಕಾಸ್ಟ್ ಸ್ಮರಣೆಯ ದಿನವೆಂದು ಘೋಷಿಸಿ, ನಿರಾಕರಣೆಯನ್ನು ತಿರಸ್ಕರಿಸಿತು.

ನಮ್ಮ ನಡುವೆಯೂ ಇದೆಲ್ಲ ಉತ್ಪ್ರೇಕ್ಷೆ ಎನ್ನುವವರು ಸಿಗುತ್ತಾರೆ, ಹೇಳದಿದ್ದರೆ ತಪ್ಪಾದೀತು. ಪ್ಯಾಲೆಸ್ಟೈನ್ ಜನರ ಸಂಕಟ ಕಂಡು ಕುದಿಯುವ ಯುವಕರ ಬಾಯಲ್ಲಿ ಈ ಮಾತು ಬರುತ್ತದೆ. ಆ ಸಂಕಟ ನಿಜ, ಅದಕ್ಕೆ ಮರುಗುವುದು ಸರಿ. ಆದರೆ ನಾಹುಮ್ ಗ್ಜಿವಾಚ್ ಓಡಿದ ಬೀದಿಯನ್ನು ಇಲ್ಲವೆಂದರೆ ಗಾಜಾದ ಒಂದು ಮಗುವಿಗೂ ಉಪಕಾರವಾಗದು. ಒಂದು ಸರ್ಕಾರದ ನಡೆಯನ್ನು ವಿರೋಧಿಸುವುದು ಬೇರೆ, ಹುಟ್ಟಿನಿಂದ ಯಹೂದಿ ಎಂಬ ಒಂದೇ ಕಾರಣಕ್ಕೆ ಯಾರನ್ನಾದರೂ ದ್ವೇಷಿಸುವುದು ಬೇರೆ. ಒಬ್ಬನ ತಪ್ಪಿಗೆ ಇಡೀ ಕೋಮನ್ನು ಹೊಣೆ ಮಾಡುವ ಮಾತು ನಮಗೆ ಎಷ್ಟು ನೋಯಿಸುತ್ತದೆಂದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಲ್ಬೇನಿಯಾದ ಮುಸ್ಲಿಂ ಮನೆಗಳು ಯಹೂದಿಗಳನ್ನು ಬಚ್ಚಿಟ್ಟವು. ಬರ್ಲಿನ್ನಿನಲ್ಲಿ ಈಜಿಪ್ಟ್ ಮೂಲದ ವೈದ್ಯ ಮೊಹಮದ್ ಹೆಲ್ಮಿ ಒಬ್ಬ ಯಹೂದಿ ಹುಡುಗಿಯನ್ನು ಯುದ್ಧ ಮುಗಿಯುವವರೆಗೆ ಕಾಪಾಡಿದರು. ಅವರಾರೂ ಮೊದಲು ಜಾತಿ ಕೇಳಿ ಬಾಗಿಲು ತೆರೆಯಲಿಲ್ಲ.

ಸಂಗ್ರಹದ ಮೂರನೆಯ ಭಾಗ ಮಾತ್ರ ಇಂದಿಗೂ ಸಿಕ್ಕಿಲ್ಲ. ಅದನ್ನು ಹೂತಿದ್ದ ಸ್ವಿಯೆಂತೊಯೆರ್ಸ್ಕಾ ಬೀದಿಯ ಜಾಗ ಈಗ ಚೀನಾ ರಾಯಭಾರ ಕಚೇರಿಯ ಆವರಣದೊಳಗಿದೆ. 2003ರಲ್ಲಿ ಅಲ್ಲಿಯ ತೋಟವನ್ನು ಅಗೆದು ನೋಡಿದರು. ಈ ಭಾಗದಿಂದ ಹಿಂದೆ ದೊರಕಿದ್ದು ಸುಟ್ಟು ಕರಕಲಾದ ಕೆಲವು ಹಾಳೆಗಳು ಮಾತ್ರ.